ಬಾಟಲಿಯಲ್ಲಿಟ್ಟ ಧಾಟಿ

ಲಾಸ್ ಏಂಜಲೀಸಿನ ನಟಿಯರಿಗೆ ಮಾತಿನ ಧಾಟಿ ತೆಗೆಸಿಕೊಳ್ಳುವುದು ಹಲ್ಲು ಕೀಳಿಸಿಕೊಂಡಷ್ಟೇ ಮಾಮೂಲು. ಆರ್ಪಿನೆಯೂ ಒಂದು ಧಾರಾವಾಹಿಗಾಗಿ, ಅಜ್ಜಿಯ ಮಡಿಲಲ್ಲಿ ಕಲಿತ ತನ್ನ ಅರ್ಮೇನಿಯನ್ ಧಾಟಿಯನ್ನು ತೆಗೆಸಿ ಬಾಟಲಿಯಲ್ಲಿ ಇಡಿಸಿದ್ದಳು. ವರ್ಷದೊಳಗೆ ಬಿಡಿಸಿಕೊಳ್ಳದಿದ್ದರೆ ಅದು ಕೊಂಡವರ ಪಾಲು. ಧಾರಾವಾಹಿ ಮುಗಿಯುವಷ್ಟರಲ್ಲಿ ಗಡುವು ಮೀರಿ, ಬಾಟಲಿ ಮಾರಾಟವಾಗಿತ್ತು.

ಧಾಟಿ ತೆಗೆಸಿದಂದಿನಿಂದ, ಕಣ್ಣು ಕಾಣದ ಅಜ್ಜಿ ಅವಳನ್ನು ನರ್ಸ್ ಎಂದೇ ತಿಳಿದಿದ್ದಳು. ನಾನೇ ಆರ್ಪಿನೆ ಎಂದು ಹೇಳಿ ಹೇಳಿ ಸಾಕಾಗಿ, ಅವಳೂ ಸುಮ್ಮನಾಗಿದ್ದಳು.

ಊರಿನಲ್ಲಿ ಅರ್ಮೇನಿಯನ್ ಹುಡುಗಿಯೊಬ್ಬಳ ಕತೆಯ ನಾಟಕ ಬಂತು. ಆರ್ಪಿನೆ ಪಾತ್ರ ಕೇಳಲು ಹೋದಳು. "ನಿಮ್ಮ ಮಾತಲ್ಲಿ ಅರ್ಮೇನಿಯಾ ಎಲ್ಲಿದೆ ಮೇಡಂ?" ಎಂದ ನಿರ್ದೇಶಕ. ಪಾತ್ರ ಬೇರೊಬ್ಬಳಿಗೆ ಹೋಯಿತು.

ಅಜ್ಜಿ ಹಟ ಹಿಡಿದಳೆಂದು ಆರ್ಪಿನೆ ಆ ನಾಟಕಕ್ಕೇ ಅವಳನ್ನು ಕರೆತಂದಳು. ನಾಯಕಿ ಮೊದಲ ಮಾತಾಡಿದಳೋ ಇಲ್ಲವೋ, ಅಜ್ಜಿ ಧಡಕ್ಕನೆ ಎದ್ದು ನಿಂತಳು.

"ನಮ್ಮ ಆರ್ಪಿನೆ! ನಿನ್ನ ನೋವೆಲ್ಲ ನನಗಿರಲಿ, ನನ್ನ ಕಂದಾ!" ಅರ್ಮೇನಿಯನ್ ಮನೆಗಳಲ್ಲಿ ಮಕ್ಕಳನ್ನು ಮುದ್ದಿಸುವುದೇ ಹಾಗೆ. ಆರ್ಪಿನೆ ಆ ಮಾತು ಕೇಳಿ ಎರಡು ವರ್ಷವಾಗಿತ್ತು.

ಅವಳು ಅಜ್ಜಿಯ ಕೈ ಹಿಡಿದು ಕೂರಿಸಿದಳು. ಅಜ್ಜಿ ಆ ಕೈಯನ್ನು ಪ್ರೀತಿಯಿಂದ ತಟ್ಟಿದಳು.

"ನೀನೂ ಚೆನ್ನಾಗೇ ನೋಡ್ಕೊಂಡೆ ಕಣಮ್ಮ. ನಾಳೆಯಿಂದ ಬರೋದು ಬೇಡ. ನಮ್ಮ ಹುಡುಗಿ ಬಂದಳಲ್ಲ."