ಕೈಗೆಟುಕುವ ಎತ್ತರ

ಹೆಂಡತಿ ಊಟದ ಡಬ್ಬಿ ಕೆಳಗಿಟ್ಟು, ಅದಕ್ಕೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ ನೀರಿನ ಬಕೆಟ್ಟಿಗೆ ಅದ್ದಿದಾಗ, ಕಲ್ಲುಕೆಲಸದವನು ಉಳಿಯನ್ನು ಪಕ್ಕಕ್ಕಿಟ್ಟು ದಾರಿ ಬಿಟ್ಟ. ಅಳಿಸುವುದಾದರೆ ಅಳಿಸಲಿ. ಹದಿನೈದು ದಿನದಿಂದ ನಡೆದದ್ದೇ ಇದು. ಯುದ್ಧಸ್ಮಾರಕದ ಕೊನೆಯ ಸಾಲಿನಲ್ಲಿ ಅವನು ಬೆಳಿಗ್ಗೆ ಕೆಂಪು ಸೀಮೆಸುಣ್ಣದಿಂದ ಮಗನ ಹೆಸರು ಬರೆಯುವುದು, ಮಧ್ಯಾಹ್ನ ಅವಳು ಬಂದು ಒರೆಸಿ ಹೋಗುವುದು.

"ಕಾಣೆಯಾದವನು ಸತ್ತವನಲ್ಲ" ಎಂಬುದು ಅವಳ ಒಂದೇ ಮಾತು. ಯುದ್ಧ ಮುಗಿದು ಒಂಬತ್ತು ವರ್ಷವಾದರೂ ಅವಳು ಹಿಡಿದ ಮೊಲಕ್ಕೆ ಮೂರೇ ಕಾಲು. ಉಳಿದ ನಲವತ್ತೊಂದು ಹೆಸರುಗಳನ್ನು ಅವನು ಆಗಲೇ ಕೆತ್ತಿ ಮುಗಿಸಿದ್ದ. ಹೆಸರುಗಳೆಲ್ಲ ಕೈಗೆಟುಕುವ ಎತ್ತರದಲ್ಲೇ ಇರಬೇಕೆಂದು ಸಮಿತಿಯವರ ಜೊತೆ ಜಗಳವಾಡಿ ನಕ್ಷೆಯನ್ನೇ ಬದಲಿಸಿದವನೂ ಅವನೇ.

"ನಾಳೆ ಉದ್ಘಾಟನೆ, ಪರದೆ ಸರಿಸ್ತಾರೆ. ಆ ಸಾಲನ್ನ ಹಾಗೇ ಉಜ್ಜಿ ನುಣ್ಣಗೆ ಮಾಡಿಬಿಡ್ತೀನಿ ಬಿಡು," ಎಂದ.

ಕಲ್ಲಿನ ಆ ತುದಿಯಲ್ಲಿ ದರ್ಜಿಯ ಹೆಂಡತಿ ನಿಂತು, ಮಲಗಿದ ಮಗುವಿನ ತಲೆ ನೇವರಿಸುವ ಹಾಗೆ, ತನ್ನ ಮಗನ ಹೆಸರಿನ ಮೇಲೆ ಬೆರಳಾಡಿಸುತ್ತಿದ್ದಳು. ಇವನ ಹೆಂಡತಿ ಅದನ್ನೇ ನೋಡುತ್ತ ನಿಂತಳು. ಕೈಯಲ್ಲಿದ್ದ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಆಮೇಲೆ ಬಟ್ಟೆಯನ್ನು ಹಿಂಡಿ, ಗಂಡನ ಮೂಗಿನ ಮೇಲಿನ ಕನ್ನಡಕ ತೆಗೆದು, ಗಾಜಿಗೆ ಮೆತ್ತಿದ್ದ ಕಲ್ಲಿನ ಪುಡಿಯನ್ನು ಒರೆಸಿದಳು. ಮತ್ತೆ ಅವನ ಕಿವಿಗೆ ಸಿಕ್ಕಿಸಿದಳು.

"ಆಳವಾಗಿ ಕೆತ್ತಿ," ಎಂದಳು. "ನನ್ನ ಬೆರಳಿಗೆ ಸಿಗಬೇಕು."