ಮಡಿ ನೀರು

ನೀರಿನ ಕ್ಯಾನಿನ ಮುಚ್ಚಳ ಇವತ್ತೂ ಸಡಿಲವಾಗಿತ್ತು. ಮಲಗುವ ಮುಂಚೆ ಕಸ್ತೂರಿಯೇ ಬಿಗಿಯಾಗಿ ತಿರುಗಿಸಿದ್ದಳು. ಗಂಡ ಭಾರ್ಗವ ನೀರು ಬೇಕಾದರೂ ಹೆಂಡತಿಯನ್ನೇ ಕೂಗುವವನು. ಉಳಿದವಳು ಅತ್ತೆ.

ಒಂದು ಲೋಟ ಬಗ್ಗಿಸಿ ಮೂಸಿದಳು. ವಾಸನೆಯಿರಲಿಲ್ಲ. ಆದರೂ ಬಚ್ಚಲಿಗೆ ಚೆಲ್ಲಿದಳು.

ಮೊದಲ ಬಸಿರು ಹೋದಾಗ ಗದಗಿನ ಡಾಕ್ಟರು ಅವಳ ಊದಿದ ಕುತ್ತಿಗೆ ಒತ್ತಿ ನೋಡಿದ್ದರು. "ಥೈರಾಯ್ಡ್ ಅದ. ಮಾತ್ರೆ ತಪ್ಪಸಬ್ಯಾಡ್ರಿ. ಬಾವಿ ನೀರು ಬಿಡ್ರಿ. ಈ ಕಡೆ ಫ್ಲೋರೈಡು, ನೈಟ್ರೇಟು ಭಾಳ. ಥೈರಾಯ್ಡ್ ಇನ್ನೂ ಕೆಡತದ, ಬಸಿರು ನಿಲ್ಲೂದಿಲ್ಲ." ಅತ್ತೆ ತುಳಸಾಬಾಯಿ ಪಕ್ಕದಲ್ಲೇ ಕೂತು ಕೇಳಿಸಿಕೊಂಡಿದ್ದಳು.

ಮರುದಿನವೇ ಶಿರಹಟ್ಟಿಯ ಮನೆಗೆ ಶುದ್ಧ ನೀರಿನ ಕ್ಯಾನು ಬಂತು.

"ಅದು ನಿಂದು," ಎಂದಳು ತುಳಸಾಬಾಯಿ. "ಈ ತಾಮ್ರದ ಕೊಡ ನಂದು. ಬಾವೀದು, ಮಡಿ ನೀರು. ಕುರಿ ಕಾಯೋರ ಕೈ ಇದಕ್ಕ ಹತ್ತಬಾರದು. ತಿಳೀತಿಲ್ಲೋ, ಕಸ್ತೂರೆವ್ವಾ?"

ಕಸ್ತೂರಿ ಹಿರೇಹಂದಿಗೋಳದ ಕುರಿ ಸಾಕುವವರ ಮಗಳು. ಭಾರ್ಗವ ರಿಜಿಸ್ಟರ್ ಮದುವೆಯಾಗಿ ಕರೆತಂದ ದಿನ ಅತ್ತೆ ಹೊಸ್ತಿಲಲ್ಲೇ ನಿಂತು ಅಂದಿದ್ದಳು: "ಸೊಸಿ ಬಂದಳು, ಬರಲಿ. ಮೊಮ್ಮಗ ಮಾತ್ರ ಇಕಿ ಹೊಟ್ಟಿಲೆ ಬ್ಯಾಡ."

ಅಂಥವಳು ದಿನಾ ಕ್ಯಾನಿನ ಮುಚ್ಚಳ ಬಿಚ್ಚುವುದು ಯಾಕೆ?

ಈಗ ಮತ್ತೆ ಬಸಿರು. ಕಸ್ತೂರಿ ಲೆಕ್ಕ ಹಾಕಿದಳು. ತನ್ನ ಕೊಡಕ್ಕೆ ತಾನೇ ಯಾರೂ ವಿಷ ಹಾಕಿಕೊಳ್ಳುವುದಿಲ್ಲ. ಬಾವಿ ನೀರಿನಲ್ಲಿ ತೊಗರಿಬೇಳೆ ಬೆಣ್ಣೆಯಂತೆ ಬೇಯುತ್ತಿತ್ತು. ಬೇಳೆ ಬೇಯಿಸುವ ನೀರು ಕೆಟ್ಟದ್ದಾಗಲು ಹೇಗೆ ಸಾಧ್ಯ? ಅದನ್ನೇ ಕುಡಿದು ಬಂದ ಮುದುಕಿಯ ಕುತ್ತಿಗೆ ನುಣ್ಣಗಿತ್ತು. ಹಲ್ಲು ಕಂದುಗಟ್ಟಿದ್ದವು, ಮೊಣಕಾಲು ಮಡಚಲು ಬರುತ್ತಿರಲಿಲ್ಲ, ನಿಜ. ಅದು ವಯಸ್ಸು.

ಅತ್ತೆ ಗುಡಿಗೆ ಹೋದಾಗೆಲ್ಲ ಅವಳು ತಾಮ್ರದ ಕೊಡದಿಂದ ಕುಡಿದಳು. ಹೊಟ್ಟೆತುಂಬ ಕುಡಿದಳು. ಒಮ್ಮೆ ಕೊಡ ಅರ್ಧಕ್ಕೆ ಇಳಿದಿತ್ತು. ತುಳಸಾಬಾಯಿ ಇಣುಕಿದಳು.

"ಬ್ಯಾಸಗಿ ಜೋರದ," ಎಂದಷ್ಟೇ ಅಂದು, ಮುದುಕಿ ಒದ್ದೆ ಸೀರೆಯಲ್ಲಿ ಮತ್ತೆ ಸೇದಿ ತುಂಬಿದಳು.

ಮಾತ್ರೆ ಹೆಚ್ಚಿಸಿದರೂ ಥೈರಾಯ್ಡ್ ಹದಕ್ಕೆ ಬರಲಿಲ್ಲ. ಡಾಕ್ಟರು ಹುಬ್ಬು ಗಂಟಿಕ್ಕಿದರು. "ಯಾವ ನೀರು ಕುಡೀತೀರಿ?"

"ಕ್ಯಾನಿಂದೇರಿ," ಎಂದ ಭಾರ್ಗವ. ಕಸ್ತೂರಿ ಬಾಯಿ ಬಿಡಲಿಲ್ಲ. ಬಿಟ್ಟರೆ ಮಡಿ ಕೆಡಿಸಿದ್ದು ಬಯಲಾಗುತ್ತದೆ.

ಬಸ್ಸಿನಲ್ಲಿ ಮೆಲ್ಲಗೆ ಅಂದಳು: "ನಿಮ್ಮವ್ವ ಕ್ಯಾನಿನ್ಯಾಗ ಏನೋ ಹಾಕ್ತಾರ್ರಿ."

ಭಾರ್ಗವ ನಕ್ಕುಬಿಟ್ಟ. "ಹುಚ್ಚಿ! ನಮ್ಮವ್ವ ಮಂದಿ ಮುಟ್ಟಿದ ಕ್ಯಾನು ಮುಟ್ಟತಾಳೇನ?"

ಐದನೆಯ ತಿಂಗಳಲ್ಲಿ ರಕ್ತ ಕಂಡಿತು. ಸಂಜೆ ಆಸ್ಪತ್ರೆಯಿಂದ ಭಾರ್ಗವನ ಫೋನು ಬಂತು. ಅವನು ಅಳುತ್ತಿದ್ದ. "ಅವ್ವಾ, ಇದೂ ಹೋತು."

"ಅಯ್ಯ, ಎಂಥಾ ಮಾತಿದು," ಎಂದಳು ತುಳಸಾಬಾಯಿ. "ಅಕಿನ್ನ ಜ್ವಾಪಾನ ಮಾಡು. ಮನಿಗೆ ಬಂದ ಮ್ಯಾಲೆ ನಾ ನೋಡ್ಕೋತೀನಿ."

ಫೋನು ಇಟ್ಟಳು. ತಾಮ್ರದ ಕೊಡದಲ್ಲಿ ಉಳಿದದ್ದನ್ನು ಹಿತ್ತಲಿಗೆ ಚೆಲ್ಲಿದಳು. ಆಮೇಲೆ, ಡಾಕ್ಟರ ಮಾತು ಕೇಳಿ ಬಂದಾಗಿನಿಂದ ದಿನಾ ಮಾಡುವಂತೆ, ಕ್ಯಾನಿನ ಮುಚ್ಚಳ ಬಿಚ್ಚಿ ಒಂದು ಲೋಟ ಬಗ್ಗಿಸಿಕೊಂಡು ನಿಧಾನವಾಗಿ ಕುಡಿದಳು.

ಮುಟ್ಟಬೇಡ ಎಂದದ್ದನ್ನು ಈ ಸೊಸೆ ಮುಟ್ಟದೆ ಬಿಡುವವಳಲ್ಲ ಎಂಬುದು ಅವಳಿಗೆ ಮೊದಲೇ ಗೊತ್ತಿತ್ತು.