ಒಗ್ಗರಣೆ ವಾಸನೆ

ಜ್ವರಕ್ಕೆ ಬೀದಿ ಮುಚ್ಚಿ ಎರಡು ತಿಂಗಳಾಗಿತ್ತು. ಕಂಬಕ್ಕೆ ಸರ್ಕಾರ ಕಟ್ಟಿಸಿದ್ದ ಯಂತ್ರದ ಮೂಗು ದಿನವೂ ಮನೆಮನೆಯ ಅಡುಗೆ ಮೂಸಿ, ಹಸಿದವರಿಗೆ ಪರಿಹಾರದ ಹಣ ಕಳಿಸುತ್ತಿತ್ತು. ಅದು ಹುಡುಕುವುದು ಏನನ್ನೆಂದು ಬೀದಿಗೆ ಗೊತ್ತಿರಲಿಲ್ಲ. ಪರಿಹಾರದ ಕಚೇರಿಯಲ್ಲಿ ಕೆಲಸಕ್ಕಿದ್ದ ಗಂಡ ವಿಶಾಲಾಕ್ಷಿಯ ಕಿವಿಯಲ್ಲಿ ಹೇಳಿದ್ದ: "ಮೂರು ದಿನ ಒಗ್ಗರಣೆ ಹಾಕ್ಬೇಡ, ಸಾಕು."

ಮನೆಯಲ್ಲಿ ಬೇಳೆಯಿತ್ತು, ತುಪ್ಪವೂ ಇತ್ತು. ಆದರೂ ಮೂರು ದಿನ ಮಕ್ಕಳಿಗೆ ಮೊಸರನ್ನವನ್ನೇ ಕಲಸಿಕೊಟ್ಟಳು. ನಾಲ್ಕನೆಯ ಬೆಳಿಗ್ಗೆ ಹಣ ಬಂದಿತೆಂದು ಫೋನು ಹೇಳಿತು.

ಅಷ್ಟರಲ್ಲಿ ಪಕ್ಕದ ಮನೆಯ ಚೆನ್ನಾಜಮ್ಮ ಬಂದಳು. ಗುಡಿಯ ಮುಂದೆ ಹೂ ಮಾರುತ್ತಿದ್ದ ಒಂಟಿ ಹೆಂಗಸು. ಸೆರಗಿನಡಿಯಿಂದ ಅಕ್ಕಿ ತುಂಬಿದ ಬಟ್ಟಲು ತೆಗೆದಳು.

"ಮೂರು ದಿನದಿಂದ ನಿಮ್ಮನೇಲಿ ಒಗ್ಗರಣೆ ವಾಸ್ನೇನೇ ಇಲ್ವಲ್ಲ, ವಿಶಾಲು. ಮಕ್ಕಳಿಗೆ ಗಂಜಿ ಮಾಡ್ಹಾಕು."

ಬಟ್ಟಲು ಕೈಗಿಟ್ಟು ಹೊರಟೇಬಿಟ್ಟಳು. ಹಿಂದಿರುಗಿಸಲೆಂದು ವಿಶಾಲಾಕ್ಷಿ ಅವಳ ಅಡುಗೆಮನೆಗೇ ಹೋದಳು. ಅಕ್ಕಿಯ ಡಬ್ಬ ತೊಳೆದು ಬೋರಲು ಹಾಕಿತ್ತು. ಒಲೆಯ ಮೇಲೆ ಪಾತ್ರೆಯಿರಲಿಲ್ಲ. ಚೆನ್ನಾಜಮ್ಮ ಸೌಟಿನಲ್ಲಿ ತೊಟ್ಟು ಎಣ್ಣೆ ಕಾಯಿಸಿ ನಾಲ್ಕು ಕಾಳು ಸಾಸಿವೆ ಸಿಡಿಸುತ್ತಿದ್ದಳು.

"ಸಾರೆಲ್ಲಿ, ಚೆನ್ನಾಜಮ್ಮ?"

"ಸಾರು ಯಾವ್ದೆ? ತಿಂಗಳಿಂದ ಹಿಂಗೇ. ವಾಸ್ನೆ ಬರ್ದಿದ್ರೆ ಬೀದಿಯವ್ರು ಆಡ್ಕೊಳಲ್ವಾ, ಇವ್ಳು ಉಪವಾಸ ಬಿದ್ದವ್ಳೆ ಅಂತ?"

ಕಿಟಕಿಯಾಚೆ ಕಂಬದ ಮೂಗು ಆ ಮನೆಯತ್ತ ತಿರುಗಿತು. ಇಲ್ಲಿ ಊಟಕ್ಕೆ ಕೊರತೆಯಿಲ್ಲವೆಂದು ಎಂದಿನಂತೆ ಹಸಿರು ದೀಪ ಹೊತ್ತಿಸಿತು.

ವಿಶಾಲಾಕ್ಷಿ ತಲೆ ಎತ್ತಲಿಲ್ಲ. ಬಗ್ಗಿದ ಆ ಮುಖ ನೋಡಿ ಚೆನ್ನಾಜಮ್ಮ ಹತ್ತಿರ ಸರಿದಳು. ದನಿ ತಗ್ಗಿಸಿ ಕೇಳಿದಳು:

"ನಾಚ್ಕೋಬೇಡ ಕಣೆ. ನಿಂಗೂ ಒಂಚೂರು ಸಾಸಿವೆ ಕೊಡ್ಲಾ?"